ಆಸ್ಪತ್ರೆ ತಾರೀಖು ನೆನಪಿಸಬೇಕಾ, ಸುಮ್ನೆ ಬಿಡಬೇಕಾ?

ಪ್ರಶ್ನೆ: ನನ್ನ ತಮ್ಮ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಖಿನ್ನತೆಗೆ ತೋರಿಸಿಕೊಳ್ಳುತ್ತಿದ್ದಾನೆ. ಮೇಲಿಂದ ಮೇಲೆ ತಾರೀಖು ತಪ್ಪಿಸುತ್ತಾನೆ. ನಾವು ನೆನಪಿಸಬೇಕಾ, ಸುಮ್ನೆ ಬಿಡಬೇಕಾ?

ನೆನಪಿಸಿ. ಎಷ್ಟು ಸಲ ಬರೆದರೂ ಈ ಪ್ರಶ್ನೆ ತಿರುಗಿ ಬರುತ್ತದೆ, ಯಾಕಂದರೆ ನಮ್ಮಲ್ಲಿ ಒಂದು ಮಾತು ಬೇರೂರಿ ಕೂತಿದೆ: "ಗರಜು ಇದ್ದವರು ತಾವಾಗೇ ಹೋಗ್ತಾರ, ನಾವ್ಯಾಕ ಹೇಳಬೇಕು?"

ಈ ಮಾತು ಪೂರ್ತಿ ತಪ್ಪು. ಮರೆವು, ಯಾವುದರಲ್ಲೂ ಗಮನ ನಿಲ್ಲದಿರುವುದು ಖಿನ್ನತೆಯದೇ ಲಕ್ಷಣಗಳು. ರಾತ್ರಿ ನಿದ್ದೆ ಇಲ್ಲ, ಮುಂಜಾನೆ ಏಳೋಕೆ ಆಗಲ್ಲ, ಕೆಲವು ಗುಳಿಗೆಗಳಿಂದ ಮಂಪರು ಬೇರೆ. ತಾರೀಖು ಬರೆದಿರೋದು ಓಪಿಡಿ ಚೀಟಿಯ ಮೂಲೆಯಲ್ಲಿ, ಚೀಟಿ ಇರೋದು ಗುಳಿಗೆ ಚೀಲದಲ್ಲಿ, ಚೀಲ ಇರೋದು ಟ್ರೆಜರಿಯಲ್ಲಿ ಸೀರೆಗಳ ಕೆಳಗೆ, ಯಾರ ಕಣ್ಣಿಗೂ ಬೀಳದ ಹಾಗೆ. ನಡುವೆ ಬಿತ್ತನೆ ಬರುತ್ತದೆ, ಯಾರದೋ ಮದುವೆ ಬರುತ್ತದೆ. ಶುಗರ್ ಇರುವ ಕಾಕಾ ತಾರೀಖು ಮರೆತರೆ ಅವರಿಗೆ ಗರಜಿಲ್ಲ ಅಂತೀವಾ? ಫೋನ್ ಮಾಡಿ ಹೇಳ್ತೀವಿ, ಅಲ್ವಾ? ಬೇರೆ ಬೇರೆ ದೇಶಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ನೆನಪಿನ ಮೆಸೇಜ್ ಹೋದವರು ಹೋಗದವರಿಗಿಂತ ಜಾಸ್ತಿ ಬರುತ್ತಾರೆ, ಮೆಸೇಜೂ ಫೋನೂ ಹೆಚ್ಚು ಕಡಿಮೆ ಒಂದೇ ಕೆಲಸ ಮಾಡುತ್ತವೆ.

ಬಸ್ಸಿನ ಖರ್ಚೋ, ಯಾರಾದರೂ ನೋಡಿಬಿಟ್ಟಾರು ಅನ್ನೋ ಅಂಜಿಕೆಯೋ ಕಾರಣ ಆಗಿದ್ದರೆ ಬರೀ ನೆನಪಿಸಿದರೆ ಸಾಲದು. ಜೊತೆಗೆ ಹೋಗಬೇಕು.

ಹೇಗೆ ನೆನಪಿಸೋದು? ಒಂದು ದಿನ ಮೊದಲು, ಒಂದೇ ಸಲ, ಬೈಯದೆ. "ನಾಳೆ ಮುಂಜಾನೆ ಆರೂವರೆ ಬಸ್ಸಿಗೆ ಹೋಗೋಣು, ಚೀಟಿ ಹೊರಗ ಇಡು" ಅಂದರೆ ಸಾಕು. ಮನೆಮಂದಿಗೆಲ್ಲ ಒಂದೇ ಫೋನ್ ಇದ್ದರೆ ಮೆಸೇಜಲ್ಲಿ ಕಾಯಿಲೆ ಹೆಸರು ಬೇಡ. ತನ್ನ ಕಾಯಿಲೆ ಗುಟ್ಟಾಗಿ ಇರಬೇಕು ಅನ್ನೋದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇರುವ ಹಕ್ಕು.

"ಈಗ ಆರಾಮ ಅದೀನಿ, ಯಾಕ ಹೋಗಲಿ?" ಅಂದರೆ ಅದಕ್ಕೂ ಉತ್ತರ ಇದೆ. ಖಿನ್ನತೆಯ ಗುಳಿಗೆ ಕೆಲಸ ಶುರು ಮಾಡೋಕೇ ಕೆಲವು ವಾರ ಬೇಕು, ಆರಾಮಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ಮುಂದುವರಿಸುತ್ತಾರೆ. ನಡುವೆ ತಾವೇ ಬಿಟ್ಟರೆ ಕಾಯಿಲೆ ಮರಳೋ ಸಾಧ್ಯತೆ ಜಾಸ್ತಿ.

ಯಾರೂ ಕೇಳದ ಇನ್ನೊಂದು ವಿಷಯ ಹೇಳಿಬಿಡ್ತೀನಿ: ತಾರೀಖು ತಪ್ಪಿಯೇ ಹೋದರೆ ಏನು ಮಾಡೋದು? ಡಾಕ್ಟರ್ ಬೈತಾರೆ ಅಂತ ಅಂಜಿ ಎಷ್ಟೋ ಜನ ಹೋಗೋದನ್ನೇ ಬಿಡುತ್ತಾರೆ. ಒಂದು ಸಲ ತಪ್ಪಿದ್ದು ಹೀಗೆ ವರ್ಷಗಟ್ಟಲೆ ತಪ್ಪುತ್ತದೆ. ಮರುದಿನವೇ ಹೋಗಿ, ತಡವಾಯ್ತು ಅಂತ ಹೇಳಿ. ಧಾರವಾಡ ದೂರ ಆದರೆ ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮಕ್ಕೆ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆ ಅಂತ ವಿಚಾರಿಸಿ. ಗುಳಿಗೆ ಮುಗಿದು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಮ ತಮ್ಮ ಸಾಯೋ ಮಾತಾಡಿದರೆ ಮಾತ್ರ ಯಾವ ತಾರೀಖಿಗೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.