ಸ್ತನ ಕ್ಯಾನ್ಸರ್‌ಗೆ ಸರ್ಕ್ಯುಲರ್ ಆರ್‌ಎನ್‌ಎ ಪರೀಕ್ಷೆ: ಭರವಸೆ ಇನ್ನೂ ಲ್ಯಾಬ್ ದಾಟದ ಕಥೆ

ಸ್ತನ ಕ್ಯಾನ್ಸರ್ ಪತ್ತೆಗೆ ಹೊಸ ರಕ್ತಪರೀಕ್ಷೆ ಬರ್ತಿದೆ ಎನ್ನುವ ಸುದ್ದಿಗಳಲ್ಲಿ ಸರ್ಕ್ಯುಲರ್ ಆರ್‌ಎನ್‌ಎ ಹೆಸರು ಆಗಾಗ ಕಾಣುತ್ತದೆ. ಮಾಮೂಲಿ ಆರ್‌ಎನ್‌ಎ ದಾರದಂತಿದ್ದರೆ, ಇದು ಎರಡು ತುದಿ ಕೂಡಿ ಉಂಗುರವಾದ ಆರ್‌ಎನ್‌ಎ. ಆಸ್ಪತ್ರೆಗೆ ಹೋದರೆ ಮಾತ್ರ ಈಗಲೂ ಅದೇ ಮ್ಯಾಮೊಗ್ರಾಮ್, ಬಯಾಪ್ಸಿ, ಆಮೇಲೆ ಗಡ್ಡೆಯ ಚೂರಿನಲ್ಲಿ ಇಆರ್, ಪಿಆರ್ (ಹಾರ್ಮೋನು ಗ್ರಾಹಕಗಳು), ಹರ್-2 (ಕೋಶ ಬೆಳೆಯಲು ಸೂಚನೆ ಕೊಡುವ ಪ್ರೋಟೀನ್) ಪರೀಕ್ಷೆ. ರಕ್ತದಲ್ಲಿ ಸಿಎ 15-3 ಎಂಬ ಪ್ರೋಟೀನ್ ನೋಡುವುದುಂಟು. ಅದು ಹರಡಿದ ಕಾಯಿಲೆಯ ಮೇಲೆ ಕಣ್ಣಿಡಲು, ಶುರುವಿನಲ್ಲೇ ಹಿಡಿಯಲು ಅಲ್ಲ.

1976ರಲ್ಲಿ ಗಿಡಗಳಿಗೆ ರೋಗ ತರುವ ವೈರಾಯ್ಡ್‌ಗಳಲ್ಲಿ, 1979ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಡಿ ಮನುಷ್ಯರ ಜೀವಕೋಶಗಳಲ್ಲೂ ಈ ಉಂಗುರಗಳು ಕಂಡವು, ನಂತರದ ಮೂರು ದಶಕ ಇವನ್ನು ಕೋಶದ ಎಡವಟ್ಟು ಎಂದೇ ಹೆಚ್ಚಿನವರು ಪಕ್ಕಕ್ಕಿಟ್ಟರು. ಸಾಮಾನ್ಯವಾಗಿ ಆರ್‌ಎನ್‌ಎಯನ್ನು ಅದರ ಬಾಲ ಹಿಡಿದು ಹೆಕ್ಕುತ್ತಿದ್ದರು. ಉಂಗುರಕ್ಕೆ ಬಾಲವೇ ಇಲ್ಲ, ಸಿಗೋದು ಹೇಗೆ?

2013ರಲ್ಲಿ ಎಲ್ಲ ಬದಲಾಯಿತು. ಡೆನ್ಮಾರ್ಕಿನ ಆರ್ಹುಸ್ ಮತ್ತು ಬರ್ಲಿನ್‌ನ ತಂಡಗಳು ಸಿಐಆರ್‌ಎಸ್-7 ಎಂಬ ಉಂಗುರದಲ್ಲಿ ಮೈಕ್ರೋಆರ್‌ಎನ್‌ಎ-7 (ಜೀನ್‌ಗಳ ಕೆಲಸ ತಗ್ಗಿಸುವ ಪುಟ್ಟ ಆರ್‌ಎನ್‌ಎ) ಅಂಟಿಕೊಳ್ಳುವ 70ಕ್ಕೂ ಹೆಚ್ಚು ಜಾಗಗಳಿವೆ ಎಂದು ತೋರಿಸಿದವು. ಅದನ್ನು ಹೀರಿಕೊಳ್ಳುತ್ತದೆಂದು ‘ಸ್ಪಂಜ್’ ಎಂಬ ಹೆಸರು ಬಿತ್ತು. ಜೊತೆಗೆ ಇನ್ನೊಂದು ಆಕರ್ಷಣೆ: ಉಂಗುರಕ್ಕೆ ತುದಿಗಳಿಲ್ಲ, ತುದಿಯಿಂದ ಕಡಿಯುವ ಕಿಣ್ವಗಳಿಗೆ ಇದು ದಕ್ಕುವುದಿಲ್ಲ, ಹಾಗಾಗಿ ಮಾಮೂಲಿ ಆರ್‌ಎನ್‌ಎಗಿಂತ ಜಾಸ್ತಿ ಹೊತ್ತು ಬಾಳುತ್ತದೆ. 2015ರಲ್ಲಿ ರಕ್ತದ ಎಕ್ಸೋಸೋಮ್‌ಗಳಲ್ಲೂ (ಕೋಶಗಳು ಹೊರಬಿಡುವ ಪುಟ್ಟ ಚೀಲಗಳು) ಸಿಕ್ಕಿತು. ಬಯೋಮಾರ್ಕರ್, ಅಂದರೆ ರೋಗದ ಗುರುತು, ಆಗೀತೆಂಬ ಆಸೆ ಹುಟ್ಟಲು ಇಷ್ಟು ಸಾಕಲ್ವಾ?

ಆಮೇಲೆ ಸ್ತನ ಕ್ಯಾನ್ಸರ್‌ಗೆ ತಳುಕು ಹಾಕಿದ ಉಂಗುರಗಳು ಸಾಲುಸಾಲಾಗಿ ಬಂದವು: ಸರ್ಕ್-ಎಎನ್‌ಕೆಎಸ್1ಬಿ, ಸರ್ಕ್-ಕಿಫ್4ಎ, ಸರ್ಕ್-ಟಾಡಾ2ಎ. ಬಹಳಷ್ಟು ಪ್ರಬಂಧಗಳ ಅಚ್ಚು ಒಂದೇ. ಒಂದಿಷ್ಟು ರೋಗಿಗಳ ಗಡ್ಡೆ, ಪಕ್ಕದ ಊತಕ, ಎರಡನ್ನೂ ಅರೆದು ಹೋಲಿಸು, ಏರುಪೇರಾದ ಉಂಗುರ ಹಿಡಿ, ಅದಕ್ಕೊಂದು ಮೈಕ್ರೋಆರ್‌ಎನ್‌ಎ ಜೋಡಿಸು, ‘ಸ್ಪಂಜ್’ ಎಂದು ಕರೆ. ಇವುಗಳ ಮಧ್ಯೆ ನಿಜಕ್ಕೂ ಬೇರೆಯಾಗಿ ಕಂಡದ್ದು 2020ರ ಸರ್ಕ್-ಹರ್2. ಇಆರ್, ಪಿಆರ್, ಹರ್-2 ಮೂರೂ ಇಲ್ಲ ಎಂದು ಗುರುತಿಸುವ ಟ್ರಿಪಲ್ ನೆಗೆಟಿವ್ ಗಡ್ಡೆಗಳ ಪೈಕಿ ಕೆಲವಲ್ಲಿ ಈ ಉಂಗುರ ಹರ್2-103 ಎಂಬ ಪುಟ್ಟ ಪ್ರೋಟೀನ್ ಮಾಡುತ್ತದೆ. ಹರ್-2 ಪಾಸಿಟಿವ್ ರೋಗಿಗಳಿಗೆ ಕೊಡುವ ಪರ್ಟುಜುಮಾಬ್ ಔಷಧಿ ಅಂಥ ಗಡ್ಡೆಗಳ ಮೇಲೂ ಕೆಲಸ ಮಾಡೀತೆಂಬ ಸುಳಿವು ಪ್ರಯೋಗಗಳಲ್ಲಿ ಸಿಕ್ಕಿತು.

ಅದೇ ವರ್ಷ ತಣ್ಣೀರೂ ಬಿತ್ತು. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಸಿಐಆರ್‌ಎಸ್-7 ಎಲ್ಲಿದೆ ಎಂದು ಊತಕದಲ್ಲೇ ನೋಡಿದಾಗ ಅದು ಕ್ಯಾನ್ಸರ್ ಕೋಶಗಳಲ್ಲಿ ಇರಲೇ ಇಲ್ಲ, ಸುತ್ತಲಿನ ಸ್ಟ್ರೋಮಾ (ಗಡ್ಡೆಗೆ ಆಧಾರವಾಗಿರುವ ಊತಕ) ಕೋಶಗಳಲ್ಲಿತ್ತು. ಅಂದರೆ ಅರೆದು ಅಳೆದ ಎಷ್ಟೋ ಲೆಕ್ಕಗಳು ಉಂಗುರದ ಬಗ್ಗೆ ಹೇಳುತ್ತಿದ್ದವೋ, ಸುಮ್ನೆ ಸ್ಟ್ರೋಮಾ ಎಷ್ಟಿದೆ ಎಂದು ಹೇಳುತ್ತಿದ್ದವೋ? ಸ್ತನದ ಗಡ್ಡೆಗೂ ಇದೇ ಪ್ರಶ್ನೆ.

ಹೆಸರಿನ ಗೊಂದಲ ಬೇರೆ. ಒಂದೇ ಉಂಗುರಕ್ಕೆ ಡೇಟಾಬೇಸಿನಲ್ಲೊಂದು ನಂಬರು, ಪ್ರಬಂಧದಲ್ಲೊಂದು ಹೆಸರು. 2023ರಲ್ಲಿ ಹೆಸರಿಡುವ ಮಾರ್ಗಸೂಚಿ ಬಂತು. ಅದೇ ವರ್ಷ ಉಂಗುರ ಹುಡುಕುವ 16 ಸಾಫ್ಟ್‌ವೇರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದಕ್ಕೆ ಸಿಕ್ಕ ಎಷ್ಟೋ ಉಂಗುರಗಳು ಇನ್ನೊಂದಕ್ಕೆ ಸಿಕ್ಕಿರಲಿಲ್ಲ.

ಇನ್ನೊಂದು ಕೊರತೆ ಕಡಿಮೆ ಚರ್ಚೆಯಾಗುತ್ತದೆ. ಹಲವು ಅಧ್ಯಯನಗಳು ಕ್ಯಾನ್ಸರ್ ರೋಗಿಗಳನ್ನು ಪೂರ್ತಿ ಆರೋಗ್ಯವಂತರೊಂದಿಗೆ ಹೋಲಿಸುತ್ತವೆ. ಆದರೆ ಕ್ಲಿನಿಕ್ಕಿಗೆ ಬರುವವರಿಗೆ ಗಂಟು ಈಗಾಗಲೇ ಕೈಗೆ ಸಿಕ್ಕಿರುತ್ತದೆ, ಅಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಫೈಬ್ರೊಅಡಿನೋಮಾ ಎಂಬ ಅಪಾಯವಿಲ್ಲದ ಗಂಟಿಗೂ ಕ್ಯಾನ್ಸರ್‌ಗೂ ವ್ಯತ್ಯಾಸ ಹೇಳುವ ಉಂಗುರ ಯಾವುದು ಎಂದೇ ಅವರು ಕೇಳುವುದು.