ಕಾರು ಹುಡುಗರದು, ಬಕೆಟ್ ದೊಡ್ಡವರದು

ಶನಿವಾರ ರಾತ್ರಿ ಒಂದು ಗಂಟೆಗೆ ಬೆಂಗಳೂರಿನ ಲ್ಯಾವೆಲ್ಲೆ ರಸ್ತೆ ಕಡೆ ಆಟೋದಲ್ಲಿ ಬರುತ್ತಿದ್ದೆ. ಹಿಂದಿನಿಂದ ಸೈಲೆನ್ಸರ್ ಸದ್ದು ಕೇಳಿದ್ದೇ ತಡ, ಡ್ರೈವರ್ ತಿರುಗಿಯೂ ನೋಡದೆ ಆಟೋವನ್ನು ಎಡಕ್ಕೆ ಎಳೆದ. ಕಿತ್ತಳೆ ಬಣ್ಣದ್ದೊಂದು ಕಾರು ಭರ್ರನೆ ಹೋಯಿತು. 'ದುಡ್ಡಿದ್ದೋರ ಮಕ್ಕಳು ಸಾರ್' ಅಂದ, ಅಷ್ಟೇ. ಬೈಯಲೂ ಇಲ್ಲ.

ಹೀಗೆ ಸುಮ್ನೆ ಪಕ್ಕಕ್ಕೆ ಸರಿಯೋದನ್ನು ನಮ್ಮ ನಗರಗಳು ಕಲಿತು ಬಹಳ ಕಾಲವಾಯಿತು. ಹುಡುಕಿದರೆ 1999ರ ಜನವರಿ 10ಕ್ಕೆ ಹೋಗಿ ನಿಲ್ಲುತ್ತೇವೆ. ಅವತ್ತು ಬೆಳಗಿನ ಜಾವ ದೆಹಲಿಯ ಲೋಧಿ ಕಾಲೋನಿಯಲ್ಲಿ ಒಂದು ಬಿಎಂಡಬ್ಲ್ಯು ಆರು ಜನರನ್ನು ಕೊಂದಿತು, ಅದರಲ್ಲಿ ಮೂವರು ಪೊಲೀಸರು. ಓಡಿಸುತ್ತಿದ್ದವನು ನೌಕಾಪಡೆಯ ಮಾಜಿ ಮುಖ್ಯಸ್ಥರ ಮೊಮ್ಮಗ. ಕಾರು ಅಲ್ಲಿಂದ ಹೋಗಿದ್ದು ಗಾಲ್ಫ್ ಲಿಂಕ್ಸ್‌ನಲ್ಲಿದ್ದ ಗೆಳೆಯನ ಮನೆಗೆ. ಅಲ್ಲಿ ಅದರ ರಕ್ತ ತೊಳೆದರು. ನನಗೆ ಈ ಇಡೀ ಕೇಸಲ್ಲಿ ಮರೆಯೋಕೇ ಆಗದ್ದು ಇದು. ಅಲ್ಲಿದ್ದವರು ಆಂಬುಲೆನ್ಸ್‌ಗೆ ಫೋನ್ ಮಾಡಲಿಲ್ಲ, ನೀರು ತಂದರು.

ಆಮೇಲೆ ಸಾಕ್ಷಿಗಳು ಮಾತು ಬದಲಿಸಿದರು. 2007ರಲ್ಲಿ ಒಂದು ಟಿವಿ ಚಾನೆಲ್‌ನ ಗುಪ್ತ ಕ್ಯಾಮೆರಾದಲ್ಲಿ ಸರ್ಕಾರದ ಕಡೆಯ ವಕೀಲರೂ ಆರೋಪಿ ಕಡೆಯ ವಕೀಲರೂ ಒಬ್ಬ ಸಾಕ್ಷಿಯ ವಿಷಯದಲ್ಲಿ ಕೈ ಜೋಡಿಸಿದ್ದು ಸಿಕ್ಕಿಬಿತ್ತು. 2008ರಲ್ಲಿ ಐದು ವರ್ಷ ಜೈಲು ಅಂತ ತೀರ್ಪು ಬಂತು, ಮರುವರ್ಷ ಹೈಕೋರ್ಟಲ್ಲಿ ಅದು ಎರಡಾಯಿತು, 2012ರಲ್ಲಿ ಸುಪ್ರೀಂ ಕೋರ್ಟ್ ಅಪರಾಧ ಹೈಕೋರ್ಟ್ ಹೇಳಿದ್ದಕ್ಕಿಂತ ಗಂಭೀರವಾದದ್ದು ಅಂದರೂ ಜೈಲಲ್ಲಿ ಕಳೆದದ್ದು ಸಾಕು, 50 ಲಕ್ಷ ರೂಪಾಯಿ ಕಟ್ಟಿ ಎರಡು ವರ್ಷ ಸಮಾಜಸೇವೆ ಮಾಡಲಿ ಅಂದಿತು.

ಎಲ್ಲ ಸಲವೂ ಸಾಯೋದು ರಸ್ತೆಯಲ್ಲಿದ್ದವರೇ ಅಂತೇನಿಲ್ಲ. 2021ರ ಆಗಸ್ಟ್ 31ರ ನಡುರಾತ್ರಿ ನಮ್ಮ ಕೋರಮಂಗಲದಲ್ಲಿ ಆಡಿ ಕಾರೊಂದು ಗುದ್ದಿದಾಗ ಸತ್ತ ಏಳೂ ಜನ ಕಾರಿನೊಳಗಿದ್ದವರು. ಅವರಲ್ಲಿ ಹೊಸೂರಿನ ಶಾಸಕರ ಮಗನೂ ಇದ್ದ.

ಇನ್ನು ಪುಣೆ. 2024ರ ಮೇ 19ರಂದು ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಎಂಜಿನಿಯರ್‌ಗಳು ಸತ್ತರು. ಪೊಲೀಸರು ಹೇಳಿದಂತೆ ಓಡಿಸಿದವನು ಬಿಲ್ಡರ್ ಒಬ್ಬರ 17 ವರ್ಷದ ಮಗ. ಕೆಲವೇ ಗಂಟೆಗಳಲ್ಲಿ ಬಾಲನ್ಯಾಯ ಮಂಡಳಿ ಜಾಮೀನು ಕೊಟ್ಟಿತು, ಒಂದು ಷರತ್ತು ಅಪಘಾತಗಳ ಬಗ್ಗೆ 300 ಪದದ ಪ್ರಬಂಧ. (ಈ ಬರಹವೂ ಹೆಚ್ಚುಕಡಿಮೆ ಅಷ್ಟೇ ಇದೆ, ಬರೆಯೋಕೆ ಅಂಥ ಕಷ್ಟವೇನೂ ಆಗಲಿಲ್ಲ.) ಜನ ಸಿಟ್ಟಾದ ಮೇಲೆ ಅದು ಬದಲಾಯಿತು, ಬಿಡಿ. ಆದರೆ ಕುಡಿದಿದ್ದನಾ ಅಂತ ನೋಡೋ ಪರೀಕ್ಷೆಗೆ ಆಸ್ಪತ್ರೆಯಲ್ಲಿ ಹುಡುಗನ ರಕ್ತದ ಬದಲು ಅವನ ತಾಯಿಯ ರಕ್ತ ಇಟ್ಟರು ಅನ್ನೋ ಆರೋಪದ ಮೇಲೆ ವೈದ್ಯರೂ ಅಪ್ಪ ಅಮ್ಮನೂ ಬಂಧನವಾದರು. 1999ರಲ್ಲಿ ರಕ್ತ ತೊಳೆದಿದ್ದರು. 25 ವರ್ಷದಲ್ಲಿ ಕೆಲಸ ಸ್ವಲ್ಪ ನಾಜೂಕಾಗಿದೆ, ಅಲ್ವಾ?

2019ರಲ್ಲಿ ತಿದ್ದಿದ ಮೋಟಾರು ವಾಹನ ಕಾನೂನಿದೆ. ಅಪ್ರಾಪ್ತರು ತಪ್ಪು ಮಾಡಿದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಆದರೆ ಆ ಪೋರ್ಷೆ ಬೆಂಗಳೂರಿನ ಡೀಲರ್ ಹತ್ತಿರದಿಂದ ತಾತ್ಕಾಲಿಕ ನೋಂದಣಿಯಲ್ಲಿ ಪುಣೆಗೆ ಹೋಗಿತ್ತು. ಕಾಯಂ ನೋಂದಣಿ ಆಗಿರಲೇ ಇಲ್ಲ. ಕೋಟಿ ದಾಟಿದ ಕಾರು ಅದು, ಕಟ್ಟದೆ ಬಿಟ್ಟ ಶುಲ್ಕ 1,758 ರೂಪಾಯಿ.