ಮಾಸ್ಕ್ ಜರಡಿಯಲ್ಲ

2021ರ ಮಾರ್ಚ್, ಕೊರೊನಾ ಕಾಲ. ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದೆ. ನೆಲದ ಮೇಲೆ ಬಿಳಿ ಬಣ್ಣದ ಸುತ್ತು ಹಾಕಿದ್ದರು, ಒಬ್ಬೊಬ್ಬರು ಒಂದೊಂದು ಸುತ್ತಿನೊಳಗೆ ನಿಂತಿದ್ದೆವು. ನನ್ನ ಮುಂದಿದ್ದ ಹಿರಿಯರು ಕೌಂಟರ್ ಹತ್ತಿರ ಹೋಗುತ್ತಿದ್ದ ಹಾಗೆ ಮಾಸ್ಕನ್ನು ಗದ್ದಕ್ಕೆ ಇಳಿಸಿದರು. ಗಾಜಿನ ಕಿಂಡಿಗೆ ಬಾಯಿಟ್ಟು, "ಪಾಸ್‌ಬುಕ್ ಎಂಟ್ರಿ ಮಾಡಿಕೊಡಮ್ಮಾ" ಅಂದರು. ಮಾತು ಮುಗಿದ ಮೇಲೆ ಮಾಸ್ಕ್ ಮತ್ತೆ ಮೂಗಿಗೆ ಏರಿತು.

"ಯಜಮಾನ್ರೇ, ಮಾತಾಡುವಾಗಲೇ ಅಲ್ವಾ ಅದು ಬೇಕಾಗಿರೋದು?" ಅಂದೆ.

"ಬಿಡಪ್ಪಾ, ವೈರಸ್ಸು ಅಷ್ಟು ಸಣ್ಣದಂತೆ. ಸೊಳ್ಳೆ ಬರಬಾರದು ಅಂತ ತಂತಿ ಬೇಲಿ ಹಾಕಿದ ಹಾಗೆ ಇದು. ದಂಡ ಹಾಕ್ತಾರಲ್ಲ, ಅದಕ್ಕೆ ಹಾಕ್ಕೊಂಡಿದ್ದೀನಿ."

ದಂಡದ ವಿಷಯ ಸರಿ. 2020ರ ಅಕ್ಟೋಬರ್ ಹೊತ್ತಿಗೆ ನಮ್ಮ ಸರ್ಕಾರ ನಗರಗಳಲ್ಲಿ ದಂಡವನ್ನು 1000 ರೂಪಾಯಿಗೆ ಏರಿಸಿ, ಜನ ಸಿಟ್ಟಾದ ಮೇಲೆ 250ಕ್ಕೆ ಇಳಿಸಿತ್ತು. ಆದರೆ ಆ ಸೊಳ್ಳೆ-ಬೇಲಿ ಹೋಲಿಕೆ ಇದೆಯಲ್ಲ, ಅದು ತಪ್ಪು. ವಾಟ್ಸಾಪಿನಲ್ಲಿ ಲಕ್ಷಾಂತರ ಜನರಿಗೆ ತಲುಪಿದ ತಪ್ಪು. ಎಲ್ಲಿ ತಪ್ಪು ಅಂತ ಹುಡುಕುತ್ತಾ ಹೋದರೆ ಬಹಳ ಚೆಂದದ ವಿಜ್ಞಾನ ಸಿಗುತ್ತದೆ.

ಜರಡಿ ಕೆಲಸ ಮಾಡುವುದು ತೂತಿನ ಅಳತೆಯ ಮೇಲೆ. ತೂತಿಗಿಂತ ದೊಡ್ಡದು ಮೇಲೆ ಉಳಿಯುತ್ತದೆ, ಚಿಕ್ಕದು ಕೆಳಗೆ ಬೀಳುತ್ತದೆ. ಮಾಸ್ಕ್ ಹಾಗಲ್ಲ. ಸರ್ಜಿಕಲ್ ಮಾಸ್ಕಿನ ನಡುವಿನ ಪದರವನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಹೆಣೆದ ಬಟ್ಟೆಯಂತೆ ಕಾಣುವುದಿಲ್ಲ. ಸಣ್ಣ ಸಣ್ಣ ಎಳೆಗಳು ಅಡ್ಡಾದಿಡ್ಡಿಯಾಗಿ ಒಂದರ ಮೇಲೊಂದು ಬಿದ್ದಿರುತ್ತವೆ. ಎಳೆಗಳ ನಡುವಿನ ಜಾಗ ವೈರಸ್ಸಿಗಿಂತ ಎಷ್ಟೋ ದೊಡ್ಡದು, ಅದು ನಿಜವೇ. ಆದರೂ ವೈರಸ್ಸು ಸಿಕ್ಕಿಬೀಳುತ್ತದೆ.

ಅಡಿಕೆ ತೋಟ ನೆನಪಿಸಿಕೊಳ್ಳಿ. ಒಂಬತ್ತು ಅಡಿಗೊಂದು ಮರ. ಪ್ರತಿ ಮರಕ್ಕೂ ಹಲಸಿನ ಮೇಣ ಬಳಿದಿದೆ ಅಂದುಕೊಳ್ಳಿ, ಮುಟ್ಟಿದರೆ ಅಂಟಿಕೊಂಡು ಬಿಡುತ್ತೀರಿ. ಮರಗಳ ನಡುವೆ ಬೇಕಾದಷ್ಟು ಜಾಗ ಇದೆ, ಹುಷಾರಾಗಿ ನಡೆದರೆ ಆಚೆ ಬದಿ ತಲುಪಬಹುದು. ಈಗ ನಿಮ್ಮ ಕಣ್ಣು ಕಟ್ಟಿ, ಹೆಜ್ಜೆ ಹೆಜ್ಜೆಗೂ ಯಾರೋ ಒಂದೊಂದು ದಿಕ್ಕಿಗೆ ತಳ್ಳುತ್ತಿದ್ದರೆ? ಹತ್ತು ಸಾಲು ದಾಟುವುದರೊಳಗೆ ಒಂದಲ್ಲ ಒಂದು ಮರಕ್ಕೆ ಬಡಿದೇ ಬಡಿಯುತ್ತೀರಿ.

ತೀರಾ ಸಣ್ಣ ಕಣಗಳ ಪಾಡು ಇದೇ. ಗಾಳಿಯ ಅಣುಗಳು ಅವನ್ನು ಎಲ್ಲ ಕಡೆಯಿಂದಲೂ ಗುದ್ದುತ್ತಲೇ ಇರುತ್ತವೆ. ಕಣ ಎಷ್ಟು ಸಣ್ಣದೋ ಅಷ್ಟು ಜಾಸ್ತಿ ಓಲಾಡುತ್ತದೆ. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ಪರಾಗದ ಕಣಗಳನ್ನು ನೋಡುತ್ತಿದ್ದಾಗ, ಅವುಗಳೊಳಗಿನ ಪುಟ್ಟ ಚೂರುಗಳು ನೀರಿನಲ್ಲಿ ಸುಮ್ಮನಿರದೆ ಕುಣಿಯುವುದನ್ನು ಕಂಡ. ಆ ಕುಣಿತದ ಲೆಕ್ಕವನ್ನು 1905ರಲ್ಲಿ ಬಿಡಿಸಿ ಹೇಳಿದವನು ಐನ್‌ಸ್ಟೈನ್. ನಮ್ಮ ಮೂಗಿನ ಮೇಲಿನ ಮಾಸ್ಕಿನಲ್ಲಿ ನಡೆಯುವುದೂ ಅದೇ ಕುಣಿತ.

ದೊಡ್ಡ ಹನಿಗಳು ಸಿಕ್ಕಿಕೊಳ್ಳುವ ಬಗೆ ಬೇರೆ. ಗಾಳಿ ಎಳೆಯನ್ನು ಬಳಸಿಕೊಂಡು ಹೋಗುತ್ತದೆ. ಭಾರದ ಹನಿಗೆ ಅಷ್ಟು ಬೇಗ ತಿರುಗಲು ಆಗುವುದಿಲ್ಲ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಜೋರಾಗಿ ಬಂದ ತುಂಬಿದ ಲಾರಿಯ ಹಾಗೆ ನೇರ ಹೋಗಿ ಬಡಿಯುತ್ತದೆ.

ಹಾಗಾದರೆ ಹಿಡಿಯುವುದಕ್ಕೆ ಕಷ್ಟವಾದದ್ದು ಯಾವುದು? ನಡುವಿನದು. ಸುಮಾರು 0.3 ಮೈಕ್ರಾನ್ ಗಾತ್ರದ್ದು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಲಾರಿಯಷ್ಟು ಭಾರವೂ ಇಲ್ಲ, ಓಲಾಡುವಷ್ಟು ಹಗುರವೂ ಅಲ್ಲ. ಎನ್95 ಮಾಸ್ಕನ್ನು ಪರೀಕ್ಷಿಸುವುದು ಈ ಕಠಿಣ ಗಾತ್ರದ ಕಣಗಳಲ್ಲೇ, ಅವುಗಳಲ್ಲಿ 100ಕ್ಕೆ 95ನ್ನಾದರೂ ತಡೆಯಬೇಕು. ವೈರಸ್ಸಿನ ಗಾತ್ರ ಸುಮಾರು 0.1 ಮೈಕ್ರಾನ್. ಅದು ಒಂಟಿಯಾಗಿ ಹಾರಿ ಬಂದರೂ ಎನ್95ನಲ್ಲಿ ಬಹುಪಾಲು ಸಿಕ್ಕಿಬೀಳುತ್ತದೆ. ಆದರೆ ಅದು ಸಾಮಾನ್ಯವಾಗಿ ಬರುವುದು ಉಗುಳು, ಸಿಂಬಳದ ಹನಿಯೊಳಗೆ ಕೂತು.

ಇನ್ನೊಂದು ಉಪಾಯವೂ ಇದೆ. ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆ ಕಾಗದದ ಚೂರನ್ನು ಸೆಳೆಯುತ್ತದಲ್ಲ, ಹಾಗೆಯೇ ಈ ಎಳೆಗಳಲ್ಲಿ ವಿದ್ಯುತ್ ತುಂಬಿಟ್ಟಿರುತ್ತಾರೆ. ಪಕ್ಕದಲ್ಲಿ ಹಾದು ಹೋಗುವ ಕಣವನ್ನೂ ಎಳೆದುಕೊಳ್ಳಲಿ ಅಂತ. ತೈವಾನ್ ಮೂಲದ ಪೀಟರ್ ತ್ಸಾಯ್ ಅಮೆರಿಕದಲ್ಲಿ 1990ರ ದಶಕದಲ್ಲಿ ಈ ವಿಧಾನವನ್ನು ಪಳಗಿಸಿದರು. ಎನ್95 ಮಾಸ್ಕನ್ನು ಸೋಪು ಹಾಕಿ ಒಗೆಯಬೇಡಿ, ಸ್ಯಾನಿಟೈಸರ್ ಸಿಂಪಡಿಸಬೇಡಿ ಅನ್ನುವುದು ಇದಕ್ಕೇ. ಎಳೆಗಳು ಹಾಗೇ ಇರುತ್ತವೆ, ಸೆಳೆತ ಹೋಗಿರುತ್ತದೆ. ಒಂದೇ ಪದರದ ಬಟ್ಟೆ ಮಾಸ್ಕಿಗೆ ಈ ಶಕ್ತಿ ಮೊದಲಿನಿಂದಲೂ ಇಲ್ಲ.

ಮಾಸ್ಕನ್ನು ನಂಬದವರು ಅಂದೂ ಇದ್ದರು. 1910ರ ಡಿಸೆಂಬರ್. ಚೀನಾದ ಹಾರ್ಬಿನ್ ನಗರದಲ್ಲಿ ಜನ ಪ್ಲೇಗಿನಿಂದ ಸಾಯುತ್ತಿದ್ದರು. ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಡ್ಜಿನಲ್ಲಿ ಓದಿದ ವೂ ಲಿಯೆನ್-ತೆ ಎಂಬ ಡಾಕ್ಟರಿಗೆ ಆಗ 31 ವರ್ಷ. ಇದು ಇಲಿ, ಚಿಗಟದ ಪ್ಲೇಗಲ್ಲ, ಶ್ವಾಸಕೋಶದ ಪ್ಲೇಗು, ಉಸಿರಿನಿಂದಲೇ ಹರಡುತ್ತಿದೆ ಎಂದರು. ಹತ್ತಿಯನ್ನು ಗಾಯಕ್ಕೆ ಕಟ್ಟುವ ತೆಳು ಗಾಜ್ ಬಟ್ಟೆಯ ಪದರಗಳ ನಡುವೆ ಇಟ್ಟು ಮಾಸ್ಕ್ ಮಾಡಿಸಿದರು. ವಯಸ್ಸಿನಲ್ಲಿ, ಅನುಭವದಲ್ಲಿ ಹಿರಿಯರಾದ ಫ್ರೆಂಚ್ ಡಾಕ್ಟರ್ ಮೆನಿ ಒಪ್ಪಲಿಲ್ಲ. ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಿದರು. ಕೆಲವೇ ದಿನಗಳಲ್ಲಿ ಅದೇ ಪ್ಲೇಗಿನಿಂದ ತೀರಿಕೊಂಡರು. ಆಮೇಲೆ ಊರಿಗೆ ಊರೇ ಮಾಸ್ಕ್ ಕಟ್ಟಿಕೊಂಡಿತು.

ನಮ್ಮಲ್ಲಿ 1898ರಲ್ಲಿ ಬೆಂಗಳೂರಿಗೆ ಬಂದದ್ದು ಚಿಗಟದ ಪ್ಲೇಗು. ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಅದಕ್ಕೆ ಅದೇ ಸರಿಯಾದ ದಾರಿ, ಮಾಸ್ಕ್ ಹಾಕಿದ್ದರೆ ಪ್ರಯೋಜನ ಇರುತ್ತಿರಲಿಲ್ಲ. ರೋಗ ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದು ತಿಳಿಯದಿದ್ದರೆ ಯಾವ ನಿಯಮವೂ ಕುರುಡು. 2021ರಲ್ಲಿ ಕರ್ಪೂರ, ಲವಂಗ, ಓಮದ ಗಂಟು ಮೂಸಿದರೆ ಆಕ್ಸಿಜನ್ ಏರುತ್ತದೆ ಅಂತ ಸಂದೇಶ ಹರಿದಾಡಿತು. ಏರುವುದಿಲ್ಲ. ಮೂಗು ಬಿಚ್ಚಿದ ಹಾಗೆ ಅನಿಸುತ್ತದೆ, ಅಷ್ಟೇ. ಆ ಅನಿಸಿಕೆಯನ್ನು ನಂಬಿ ಆಸ್ಪತ್ರೆಗೆ ತಡವಾಗಿ ಹೋದರೆ ಏನಾಗುತ್ತದೆ ಅನ್ನುವ ಭಯ ನನಗೆ ಇವತ್ತೂ ಹೋಗಿಲ್ಲ.

ಆ ಯಜಮಾನರ ಮಾಸ್ಕಿನಲ್ಲಿ ನಿಜವಾದ ತೂತು ಬೇರೆ ಕಡೆ ಇತ್ತು. ಮೂಗಿನ ಎರಡೂ ಪಕ್ಕ, ಕಣ್ಣಿನ ಕೆಳಗೆ. ಅವರ ಕನ್ನಡಕ ಉಸಿರಿಗೊಮ್ಮೆ ಮಂಜಾಗುತ್ತಿತ್ತು. ಗಾಜು ಮಂಜಾದರೆ ಗಾಳಿ ಎಳೆಗಳ ಮೂಲಕ ಹೋಗದೆ ಮೇಲಿನ ಸಂದಿಯಿಂದ ನುಗ್ಗುತ್ತಿದೆ ಅಂತ ಅರ್ಥ. ತೋಟಕ್ಕೆ ಬರದೆ ಪಕ್ಕದ ದಾರಿ ಹಿಡಿದವನಿಗೆ ಮೇಣ ಏನು ಮಾಡೀತು? ಮಾಸ್ಕಿನ ಮೇಲಂಚಿನಲ್ಲಿ ಒಂದು ತಂತಿ ಇರುತ್ತದೆ, ಅದನ್ನು ಎರಡು ಬೆರಳಲ್ಲಿ ಮೂಗಿಗೆ ಒತ್ತಿಕೊಳ್ಳಿ ಅಂತ ತೋರಿಸಿದೆ. ಅವರು ಒತ್ತಿಕೊಂಡು, ಒಮ್ಮೆ ಉಸಿರು ಬಿಟ್ಟರು. ಕನ್ನಡಕ ತಿಳಿಯಾಗಿಯೇ ಇತ್ತು. "ಅರೆ, ಈಗ ಚಲನ್ ಓದೋಕಾಗ್ತಿದೆ ನೋಡು" ಅಂದರು.